ಮೇಡಂ ತುಂಬಿದ ಅರ್ಜಿ

ದಾವಣಗೆರೆಯ ಹಳೇಪೇಟೆಯಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಗಿರಿಜಾಂಬ ಮೇಡಂ. ಹತ್ತನೇ ತರಗತಿಯ ಫಲಿತಾಂಶ ಬಂದರೆ ಸಾಕು, ಅವರಿಗೆ ಊಟ ತಿಂಡಿಯ ನೆನಪೂ ಇರುತ್ತಿರಲಿಲ್ಲ. ಅರವತ್ತು ಮಕ್ಕಳ ಕಾಲೇಜು ಅರ್ಜಿಗಳನ್ನೂ ತಾವೇ ಕೂತು ತುಂಬುತ್ತಿದ್ದರು. ಮುತ್ತಿನಂಥ ಅಕ್ಷರ, ಒಂದು ಚಿತ್ತಿಲ್ಲ. ಯಾರಿಗೆ ವಿಜ್ಞಾನ, ಯಾರಿಗೆ ವಾಣಿಜ್ಯ ಎಂಬುದನ್ನೂ ಅಂಕ ನೋಡಿ ಅವರೇ ಗೊತ್ತುಮಾಡುತ್ತಿದ್ದರು. ಮಕ್ಕಳಿಗೆ ಸಹಿ ಹಾಕುವ ಕೆಲಸ ಮಾತ್ರ. ತಾವು ತುಂಬಿದ ಅರ್ಜಿ ಎಲ್ಲಿಂದಲೂ ವಾಪಸ್ ಬಂದಿಲ್ಲ ಎಂದು ಕೊಂಚ ಹೆಮ್ಮೆಯೂ ಇತ್ತು. ಇರಲಿ ಬಿಡಿ, ಅಷ್ಟು ಪ್ರೀತಿ ಇರುವವರಿಗೆ ಇಷ್ಟು ಹೆಮ್ಮೆ ಇದ್ದರೇನು?

ಒಂದು ಮಧ್ಯಾಹ್ನ ತಸ್ಲೀಮಾ ಎಂಬ ಹುಡುಗಿ ಅರ್ಜಿಯ ಸಮೇತ ವಾಪಸ್ ಬಂದಳು. ಆ ವರ್ಷ ಶಾಲೆಗೇ ಹೆಚ್ಚು ಅಂಕ ತೆಗೆದವಳು. ಅತ್ತು ಅತ್ತು ಕಣ್ಣುಗಳು ಕೆಂಪಗಾಗಿದ್ದವು.

"ಏನಾಯ್ತು ತಾಯಿ?"

"ಕಾಲೇಜಲ್ಲಿ ಪ್ರಿನ್ಸಿಪಾಲರು, ವಿಜ್ಞಾನನೇ ಯಾಕೆ ಬೇಕು ಅಂತ ಕೇಳಿದ್ರು. ನಮ್ ಮೇಡಂ ಬರ್ದಾರೆ, ಅವ್ರಿಗೇ ಗೊತ್ತು ಅಂದೆ. ಹಂಗಾರೆ ಸೀಟು ನಿಮ್ ಮೇಡಂಗೇ ಕೊಡ್ತೀನಿ, ಕಳ್ಸು ಅಂದ್ರು. ಎಲ್ರೂ ನಕ್ರು ಮೇಡಂ."

ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪ್ರಿನ್ಸಿಪಾಲರಿಗೆ ಪತ್ರ ಬರೆಯಲೆಂದು ಪೆನ್ನು ತೆಗೆದರು. ತೆಗೆದವರು ಹಾಗೇ ಕೂತುಬಿಟ್ಟರು. ಮೂರು ವರ್ಷ ಕಣ್ಣೆದುರಿಗಿದ್ದ ಹುಡುಗಿಯನ್ನು ತಾವು ಒಮ್ಮೆಯೂ ಕೇಳದ ಮಾತೊಂದು ಆಗ ಹೊಳೆಯಿತು.

"ನಿನಗೇನು ಬೇಕು, ತಸ್ಲೀಮಾ?"

ಹುಡುಗಿ ಕೈಲಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟಳು.

"ಅಪ್ಪನ ಅಂಗಡೀಲಿ ಫ್ಯಾನ್ ಮೋಟಾರಿಗೆ ತಂತಿ ಸುತ್ತೋದು ನಾನೇ ಮೇಡಂ. ಸುಟ್ಟುಹೋಗಿದ್ದ ಫ್ಯಾನು ಮತ್ತೆ ತಿರುಗಿದ್ರೆ ಭಾಳ ಖುಷಿ ಆಗ್ತದೆ. ಪಾಲಿಟೆಕ್ನಿಕ್ಕಲ್ಲಿ ಎಲೆಕ್ಟ್ರಿಕಲ್ ಓದ್ಬೇಕು ಅಂತ ಆಸೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಅಷ್ಟೊತ್ತಿಗೆ ನೀವು ಬರೆದುಬಿಟ್ಟಿದ್ರಿ."

ಪಾಲಿಟೆಕ್ನಿಕ್ಕಿಗೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ಐದು ಗಂಟೆಗೆ ಕಿಟಕಿ ಮುಚ್ಚುತ್ತಾರೆ. ಮೇಡಂ ಬೀರುವಿನಿಂದ ಖಾಲಿ ಅರ್ಜಿ ತೆಗೆದು, ಪೆನ್ನಿನ ಜೊತೆ ಅವಳ ಮುಂದಿಟ್ಟರು. "ನೀನೇ ತುಂಬು."

ತಸ್ಲೀಮಾ ತನ್ನ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದಳು. ಹೊಡೆದುಹಾಕಿ ಮತ್ತೆ ಬರೆದಳು. ಪಿನ್‌ಕೋಡಿನಲ್ಲಿ ಇನ್ನೊಂದು ಚಿತ್ತು. ಗಡಿಯಾರ ಓಡುತ್ತಿತ್ತು. ಮೇಡಂಗೆ ಪೆನ್ನು ಕಿತ್ತುಕೊಳ್ಳುವಷ್ಟು ಚಡಪಡಿಕೆ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು.

"ಅರ್ಜಿ ಕೊಡೋಕೆ ನೀವೂ ಬರ್ತೀರಾ ಮೇಡಂ?"

ಹೋಗಬೇಕೆಂದು ಅವರ ಜೀವ ಎಳೆಯುತ್ತಿತ್ತು. "ಗೇಟಿನ ತನಕ ಬರ್ತೀನಿ" ಎಂದರು.

ತಸ್ಲೀಮಾ ಒಬ್ಬಳೇ ಆಟೋ ಹತ್ತಿದಳು. ಶಾಲೆ ಬಿಟ್ಟಿತು. ಎಲ್ಲರೂ ಮನೆಗೆ ಹೋದರು. ಮೇಡಂ ಗೇಟಿನ ಹತ್ತಿರವೇ ನಿಂತಿದ್ದರು. ಆರು ಗಂಟೆಯ ಹೊತ್ತಿಗೆ ತಸ್ಲೀಮಾ ಆಟೋ ಇಳಿದು ಓಡಿಬಂದಳು.

"ಅಲ್ಲೂ ಯಾಕೆ ಬೇಕು ಅಂತ ಕೇಳಿದ್ರು ಮೇಡಂ!"

"ಏನಂದೆ?"

"ಮೋಟಾರು ಹೆಂಗೆ ಸುತ್ತೋದು ಅಂತ ಪೂರ್ತಿ ಹೇಳ್ದೆ. ಸಾಕಮ್ಮ ಸಾಕು, ಅರ್ಜಿ ತಗೊಂಡೀವಿ, ಹೋಗು ಅಂದ್ರು."

"ಅಷ್ಟೊಂದು ಚಿತ್ತಿತ್ತಲ್ಲೇ?"

"ಅದ್ನ ಯಾರೂ ನೋಡ್ಲೇ ಇಲ್ಲ."

ಮೇಡಂ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುವರ್ಷದಿಂದ ಜನವರಿಯಲ್ಲೇ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, "ನಿನಗೇನು ಬೇಕು?" ಎಂದು ಕೇಳತೊಡಗಿದರು. ಅರ್ಜಿಗಳನ್ನು ಮಕ್ಕಳೇ ತುಂಬಿದರು.

ನೀತಿ: ಮಕ್ಕಳ ಕೆಲಸವನ್ನು ನಾವೇ ಮಾಡಿ ಮುಗಿಸುವುದು ಸುಲಭ. ಅವರ ಆಸೆ ಏನೆಂದು ಕೇಳಿ, ಅವರು ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ಹೊತ್ತು ಕೈಕಟ್ಟಿ ಪಕ್ಕದಲ್ಲಿ ಕೂರುವುದು ಕಷ್ಟ. ಮುಂದಿನ ಬದುಕಿಗೆ ಅವರನ್ನು ಸಿದ್ಧಮಾಡುವುದು ಆ ಕಷ್ಟವೇ.