ಕಾಳಿಂಗ ನಿಚ್ಚಳ ಸಿನಿಮಾ ತಂದದ್ದು

ಕೇಳ್ರಪ್ಪಾ, ಕೇಳ್ರವ್ವಾ! ನಗೋರು ಮುಂದೆ ಬನ್ನಿ, ಆಕಳಿಸೋರು ಬಾಗಿಲ ಹತ್ತಿರ ಕೂತ್ಕೊಳ್ಳಿ. ಇದು ಹೊಂಬಾಳಮ್ಮನ ಮಗ ಕಾಳಿಂಗನ ಕತೆ.

ಕಾಳಿಂಗನಿಗೆ ಇಪ್ಪತ್ತೆರಡು ವರ್ಷ. ಆಳು ಆರಡಿ, ಮನಸ್ಸು ಬೆಣ್ಣೆ. ತಲೆಯೂ ಒಂದಿತ್ತು, ಅದರ ಮೇಲೆ ಕೂದಲೂ ದಟ್ಟವಾಗಿ ಬೆಳೆದಿತ್ತು. ಒಳಗಿನ ಸಮಾಚಾರ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹೇಳದೆ ಇದ್ದದ್ದನ್ನು ದೇವರಾಣೆಗೂ ಮಾಡುತ್ತಿರಲಿಲ್ಲ. 'ಮಳೆ ಬಂದ್ರೆ ಬಟ್ಟೆ ತೆಗಿಯೋ' ಅಂದರೆ, ಮಳೆ ಬರುವ ತನಕ ಎಂಟು ದಿನವಾದರೂ ಬಟ್ಟೆ ತಂತಿಯ ಮೇಲೇ!

ಹೊಂಬಾಳಮ್ಮನಿಗೆ ಒಂದೇ ಒಂದು ಆಸೆ. ಅವರವ್ವ ದ್ಯಾವಮ್ಮ ತೀರಿಹೋಗಿ ನಲವತ್ತು ವರ್ಷ. ಒಂದು ಫೋಟೋ ಇಲ್ಲ. ಮಾರ್ನಮಿ ಅಮಾಸೆ ಬಂತೆಂದರೆ ಊರವರೆಲ್ಲ ತಮ್ಮ ತಮ್ಮ ಹಿರಿಯರ ಫೋಟೋ ಒರೆಸಿ, ಹೂವು ಮುಡಿಸಿ, ಮುಂದೆ ಎಡೆ ಇಡುತ್ತಾರೆ. ಇವಳು ಮಾತ್ರ ಒಂದು ಚೊಂಬಿಗೆ ಸೀರೆ ಸುತ್ತಿ ಅದರ ಮುಂದೆ ಎಡೆ ಇಡಬೇಕು. ಅವ್ವ ಸಾಯುವಾಗ ಇವಳು ಎಂಟು ವರ್ಷದ ಹುಡುಗಿ. ನೆನಪಿನಲ್ಲಿದ್ದ ಮುಖ ವರ್ಷ ವರ್ಷಕ್ಕೂ ಮಸುಕಾಗುತ್ತಾ ಬಂದಿತ್ತು. ಅದೇ ಅವಳ ಸಂಕಟ.

ಆದರೆ ದ್ಯಾವಮ್ಮ ಒಂದು ಸಿನಿಮಾದಲ್ಲಿದ್ದಳು! ಆ ಕಾಲದಲ್ಲಿ ಇವರ ಊರ ಕೆರೆ ಏರಿಯ ಮೇಲೆ 'ಏರಿ ಮೇಲಿನ ಹೆಣ್ಣು' ಅಂತ ಸಿನಿಮಾ ತೆಗೆದರು. ನಾಯಕಿ ನೀರಿಗೆ ಬರುತ್ತಾಳೆ, ಹಿಂದೆ ಊರ ಹೆಂಗಸರು ಕೊಡ ಹಿಡಿದು ನಡೆಯುತ್ತಾರೆ. ಅವರಲ್ಲಿ ದ್ಯಾವಮ್ಮನೂ ಒಬ್ಬಳು. ಟೆಂಟಿನಲ್ಲಿ ಸಿನಿಮಾ ಬಂದಾಗ ಹೊಂಬಾಳಮ್ಮ ಕಣ್ಣರಳಿಸಿ ನೋಡಿದ್ದಳು. ರೀಲೆಲ್ಲ ಗೀರು, ಪರದೆಯೆಲ್ಲ ತೇಪೆ. ಅವ್ವನ ಮುಖ ಬರುವ ಹೊತ್ತಿಗೆ ಬಿಳಿ ಮಚ್ಚೆ ಬಿಟ್ಟು ಏನೂ ಕಾಣಲಿಲ್ಲ.

ಈಗ ನೋಡಿ, ಬಟ್ಟೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಹೊಂಬಾಳಮ್ಮನಿಗೆ ಗೋಡೆಯಗಲದ ಟೀವಿ ಬಂತು, ಜೊತೆಗೆ ಡಿಸ್ಕ್ ಹಾಕುವ ಪೆಟ್ಟಿಗೆಯೂ ಬಂತು. ತಾಲ್ಲೂಕಿನ ಫಯಾಜಣ್ಣನ ಅಂಗಡಿಯಲ್ಲಿ ತಿಂಗಳ ಮೆಂಬರ್ ಆದರೆ ಸಿನಿಮಾ ಡಿಸ್ಕ್ ಮನೆಗೆ ಕೊಡುತ್ತಾರೆ, ನೋಡಿ ವಾಪಸ್ ಕೊಡಬೇಕು. ಆ ಹಳೆಯ ಸಿನಿಮಾವನ್ನು ತೊಳೆದು ಬೆಳಗಿ ಹೊಸ ಡಿಸ್ಕ್ ಮಾಡಿದ್ದಾರಂತೆ ಅಂತ ಸುದ್ದಿ ಬಂತು. ಅಮಾಸೆಗೆ ಇನ್ನು ನಾಲ್ಕೇ ದಿನ. ಹೊಂಬಾಳಮ್ಮ ಸೆರಗು ಬಿಗಿದಳು.

"ಈ ಅಮಾಸೆಗೆ ನಮ್ಮವ್ವನ ಮುಖ ನೋಡೇ ನೋಡ್ತೀನಿ! ಮುಖದ ಮುಂದೇನೇ ಎಡೆ ಇಡ್ತೀನಿ!"

ತಾನೇ ಹೋಗೋಣವೆಂದರೆ ಮಂಡಿ ಊದಿಕೊಂಡಿತ್ತು, ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಇದ್ದವನೊಬ್ಬನೇ ಕಾಳಿಂಗ.

"ಲೋ ಕಾಳಿಂಗ! ಮೆಂಬರ್ ಆಗೋದ್ರಲ್ಲಿ ಎರಡು ಥರ ಐತಂತೆ. ಸಾದಾ ಒಂದು, ಹೈ ಡೆಫಿನಿಷನ್ ಒಂದು. ಸುಮ್ಕೆ ಕೊಟ್ಟಿದ್ದು ತರಬ್ಯಾಡ, ಆರಿಸ್ಬೇಕು. ಸಂತೇಲಿ ನಾನು ಬೆಂಡೆಕಾಯಿ ಆರಿಸ್ತೀನಲ್ಲ, ಹಂಗೆ ಆರ್ಸು!"

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಹೊರಟ. ಬಸ್ಸು ಹತ್ತಿದ, ಬಸ್ಸು ಇಳಿದ, ಅಂಗಡಿ ಮುಟ್ಟಿದ. ಫಯಾಜಣ್ಣ ಒಳ್ಳೆಯ ಮನುಷ್ಯ. ಕೇಳಿದ ಸಿನಿಮಾವನ್ನು ಎರಡು ಥರದಲ್ಲೂ ತೆಗೆದು ಮುಂದಿಟ್ಟ. "ಇದು ಸಾದಾ ಡಿಸ್ಕ್. ಇದು ಹೈ ಡೆಫಿನಿಷನ್. ಯಾವುದಕ್ಕೆ ಮೆಂಬರ್ ಆಗ್ತೀಯಪ್ಪ?"

ಕಾಳಿಂಗ ಯೋಚಿಸಿದ. ಅವ್ವ ಬೆಂಡೆಕಾಯಿ ಹೇಗೆ ಆರಿಸುತ್ತಾಳೆ? ತುದಿ ಮುರಿದು ನೋಡುತ್ತಾಳೆ. ಪಟ್ ಅಂದರೆ ಎಳೆಯದು, ಚೀಲಕ್ಕೆ. ಬಾಗಿದರೆ ಬಲಿತದ್ದು, ವಾಪಸ್ ಗುಡ್ಡೆಗೆ. ಸಾದಾ ಡಿಸ್ಕ್ ಎತ್ತಿಕೊಂಡ. ಎರಡೂ ಹೆಬ್ಬೆರಳು ಊರಿ ಬಗ್ಗಿಸಿದ. ಪಟ್!

"ಎಳೇದು ಕಣಣ್ಣ!" ಅಂದ ಖುಷಿಯಿಂದ. ಇನ್ನೊಂದಕ್ಕೂ ಕೈ ಹಾಕಿದ.

ಫಯಾಜಣ್ಣ ಮೇಜು ಹಾರಿ ಬಂದು ಕೈ ಹಿಡಿದ. "ಅಯ್ಯಯ್ಯೋ ಮಾರಾಯ! ಸಾದಾದಾದ್ರೆ ಇನ್ನೊಂದು ಐತೆ. ಹೈ ಡೆಫಿನಿಷನ್ ಇದೊಂದೇ ಇರೋದು! ಹೋಗು, ಮೊದ್ಲು ಮನೆಗೆ ಹೋಗು!"

ಕಾಳಿಂಗ ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದ. ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಹಣೆಬರವೇ! ಸಿನಿಮಾನ ಮುರೀತಾರೇನ್ಲಾ? ಮುಟ್ಟಬಾರ್ದು ಕಣೋ! ಕೈ ಕಟ್ಕೊಂಡು ನಿಂತು, ಕಣ್ಣಲ್ಲಿ ನೋಡಿ ಆರಿಸ್ಬೇಕು!"

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಅಮಾಸೆಗೆ ಮೂರು ದಿನ. ಹೊರಟ. ಬಸ್ಸು ಹತ್ತಿದ, ಬಸ್ಸು ಇಳಿದ, ಅಂಗಡಿ ಮುಟ್ಟಿದ. ಬಾಗಿಲಲ್ಲೇ ಕೈ ಕಟ್ಟಿ ನಿಂತ. ಫಯಾಜಣ್ಣನಿಗೆ ನೆಮ್ಮದಿಯಾಯಿತು. ಅಂಗಡಿಯ ಮುಂದೆ ಅಕ್ಕಪಕ್ಕ ಇಟ್ಟಿದ್ದ ಎರಡು ಟೀವಿಯಲ್ಲೂ ಒಂದೇ ಸಿನಿಮಾ ಹಾಕಿ ತೋರಿಸಿದ. ಎರಡರಲ್ಲೂ ಒಬ್ಬ ಮೀಸೆಯವನು ಗಹಗಹಿಸಿ ನಗುತ್ತಿದ್ದ. ಸಾದಾ ಟೀವಿಯಲ್ಲಿ ಮೀಸೆ ಯಾವುದು, ಬಾಯಿ ಯಾವುದು, ನೆರಳು ಯಾವುದು ತಿಳಿಯದು. ಹೈ ಡೆಫಿನಿಷನ್ನಿನಲ್ಲಿ ಮೀಸೆಯ ಕೂದಲು ಎಣಿಸಬಹುದು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಸೊಪ್ಪೂ ಕಾಣುತ್ತದೆ!

ಕಾಳಿಂಗನ ಎದೆ ಹಿಗ್ಗಿತು. ಅಜ್ಜಿಯ ಮುಖವೂ ಹೀಗೇ ಕಾಣುತ್ತದಲ್ಲ! "ಅದೇ ಅಣ್ಣ! ನಿಚ್ಚಳ ಇರೋದು! ನಮ್ಮವ್ವಂಗೆ ಅದೇ ಬೇಕು!"

"ಭೇಷ್! ಸರಿಯಾಗಿ ಆರಿಸ್ದೆ. ತಗೋ ಪೆನ್ನು, ಸೈನ್ ಹಾಕು."

"ಮುಟ್ಟಲ್ಲ!"

"ಸರಿ, ನಾನೇ ಬರ್ಕೊಂಡೆ. ತಗೋ ಡಿಸ್ಕು."

"ಮುಟ್ಟಲ್ಲ!"

"ಮುಟ್ಟದೆ ಹೆಂಗಪ್ಪ ತಗೊಂಡು ಹೋಗ್ತೀಯ?"

"ಅದು ನಂಗೊತ್ತಿಲ್ಲ. ಅವ್ವ ಮುಟ್ಟಬ್ಯಾಡ ಅಂದವ್ಳೆ!"

ಬರುವಾಗ ಬಸ್ಸಿನಲ್ಲಿ ಟಿಕೆಟ್ಟನ್ನೂ ಮುಟ್ಟಲಿಲ್ಲ. ಕಂಡಕ್ಟರ್ ಇಳಿಸಿಬಿಟ್ಟ. ಎಂಟು ಮೈಲಿ ಕೈ ಕಟ್ಟಿಕೊಂಡೇ ನಡೆದು ಮನೆ ಸೇರಿದ.

"ಆರಿಸ್ದೇನ್ಲಾ?" ಹೊಂಬಾಳಮ್ಮ ಆಸೆಯಿಂದ ಕೇಳಿದಳು.

"ಆರಿಸ್ದೆ ಕಣವ್ವ! ಹೈ ಡೆಫಿನಿಷನ್ನು!"

"ಎಲ್ಲಿ?"

"ಅಂಗಡೀಲೈತೆ!"

"ಅಯ್ಯೋ ನನ್ನ ಹಣೆಬರವೇ! ಕೊಟ್ಟಿದ್ದನ್ನ ಬಿಟ್ಟು ಬರ್ತಾರೇನ್ಲಾ? ಎರಡು ಕೈಲೂ ಎತ್ಕೋ, ಎದೆಗವುಚ್ಕೋ, ಬಟ್ಟೆ ಸುತ್ತು. ಎಳೇ ಕೂಸು ಇದ್ದಂಗೆ ಅದು! ಕೂಸನ್ನ ಹೆಂಗೆ ನೋಡ್ಕೋತಾರೋ ಹಂಗೆ ನೋಡ್ಕೋಬೇಕು!"

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಅಮಾಸೆಗೆ ಎರಡೇ ದಿನ. ಹೊರಟ. ಬಸ್ಸು ಹತ್ತಿದ, ಬಸ್ಸು ಇಳಿದ, ಅಂಗಡಿ ಮುಟ್ಟಿದ. ಸೈನ್ ಹಾಕಿದ, ಮೆಂಬರ್ ಆದ. ಡಿಸ್ಕನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಟವಲು ಸುತ್ತಿ, ಎದೆಗವುಚಿಕೊಂಡು ಬಸ್ಸು ಹತ್ತಿದ. ಹೆಂಗಸೊಬ್ಬಳು ಎದ್ದು ಜಾಗವನ್ನೂ ಬಿಟ್ಟುಕೊಟ್ಟಳು. ಒಂದು ಗೀರಿಲ್ಲದೆ ಮನೆ ಮುಟ್ಟಿಸಿದ. ಭಲೆ ಕಾಳಿಂಗ! ಅಲ್ಲಿಗೇ ಬಿಟ್ಟಿದ್ದರೆ ನನಗೆ ಕತೆಯೇ ಇರುತ್ತಿರಲಿಲ್ಲ.

ಹೊಂಬಾಳಮ್ಮ ಕುಂಟುತ್ತಾ ಪಕ್ಕದ ಮನೆಗೆ ಅಕ್ಕಿ ಹಿಟ್ಟು ತರಲು ಹೋಗಿದ್ದಳು. ಕಾಳಿಂಗ ಯೋಚಿಸಿದ. ಕೂಸು ಮನೆಗೆ ಬಂದರೆ ಏನು ಮಾಡುತ್ತಾರೆ? ಹರಳೆಣ್ಣೆ ಕಾಯಿಸಿದ. ಕಾಲು ನೀಡಿ ಕೂತು, ಡಿಸ್ಕನ್ನು ಕಾಲ ಮೇಲೆ ಮಲಗಿಸಿ, ಬೆನ್ನಿಗೂ ಹೊಟ್ಟೆಗೂ ಎಣ್ಣೆ ತಿಕ್ಕಿದ. ಬಿಸಿ ನೀರು ಹೊಯ್ದ. ಸಾಂಬ್ರಾಣಿ ಹೊಗೆ ಹಿಡಿದ. ದೃಷ್ಟಿಯಾಗಬಾರದೆಂದು ಕಾಡಿಗೆಯ ಬೊಟ್ಟು ಇಟ್ಟ. ಮೊರದಲ್ಲಿ ಮಲಗಿಸಿ ತೂಗುತ್ತಾ ಕೂತ.

ಹೊಂಬಾಳಮ್ಮ ಬಂದಳು. ನೋಡಿದಳು. ಅವಳ ಕೈಯ ಹಿಟ್ಟಿನ ಪಾತ್ರೆ ಕೆಳಗೆ ಬಿತ್ತು.

"ಮೆಲ್ಲಗೆ ಕಣವ್ವ!" ಅಂದ ಕಾಳಿಂಗ. "ಈಗ ನಿದ್ದೆ ಹೋಗೈತೆ."

ಒರೆಸಿ ಒರೆಸಿ ಪೆಟ್ಟಿಗೆಗೆ ಹಾಕಿದರೆ ಟೀವಿಯಲ್ಲಿ ಬರೀ ನೀಲಿ. ಹೊಂಬಾಳಮ್ಮ ನೆಲದ ಮೇಲೆ ಕೂತು ಅತ್ತೇಬಿಟ್ಟಳು. ಹೇಳಿದ ಹಾಗೇ ಮಾಡಿದ್ದೆನಲ್ಲ, ಆದರೂ ಅವ್ವ ಯಾಕೆ ಅಳುತ್ತಾಳೆ ಅನ್ನುವುದು ಕಾಳಿಂಗನಿಗೆ ಬಗೆಹರಿಯಲಿಲ್ಲ.

ಆದರೆ ಹೊಂಬಾಳಮ್ಮ ಅತ್ತು ಕೂರುವ ಹೆಂಗಸಲ್ಲ. ಕಣ್ಣೊರೆಸಿಕೊಂಡು ಎದ್ದಳು. ಡಿಸ್ಕನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನ ವ್ಯಾನಿನವನ ಕೈಲಿ ಫಯಾಜಣ್ಣನಿಗೆ ಕಳಿಸಿದಳು. ಫಯಾಜಣ್ಣ ಹೇಳಿಕಳಿಸಿದ: 'ತೊಳೆದ್ರೆ ಸರಿಹೋಗ್ತದೆ ಅಕ್ಕ. ಅಮಾಸೆ ದಿನ ನಾನೇ ತರ್ತೀನಿ. ನಿಮ್ಮ ಮಗನ ಕೈಗೆ ಮಾತ್ರ ಕೊಡಬ್ಯಾಡಿ.'

"ಕೇಳಿಸ್ಕೊಂಡೇನ್ಲಾ?" ಅಂದಳು ಹೊಂಬಾಳಮ್ಮ. "ಅದಕ್ಕೆ ಎಣ್ಣೆ ಬ್ಯಾಡ, ನೀರು ಬ್ಯಾಡ! ಬಂದ ತಕ್ಷಣ ಒಳಗೆ ಬಿಡ್ಬೇಕು, ಬಾಗ್ಲು ಮುಚ್ಬೇಕು, ಲೈಟ್ ಆರಿಸ್ಬೇಕು, ಎದ್ರುಗೆ ಕೂತು ಪಿಟಕ್ಕನ್ನದೆ ನೋಡ್ಬೇಕು. ಅಷ್ಟೇ!"

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಅಮಾಸೆ ಬಂತು. ಹೊಂಬಾಳಮ್ಮ ಹಿತ್ತಲ ಒಲೆಯಲ್ಲಿ ವಡೆ ಬೇಯಿಸುತ್ತಿದ್ದಳು. ಫಯಾಜಣ್ಣ ಡಿಸ್ಕ್ ಹಿಡಿದು ಬಾಗಿಲಿಗೆ ಬಂದ. ಕಾಳಿಂಗ ಅವನನ್ನು ಒಳಗೆ ಬಿಟ್ಟ. ಬಾಗಿಲು ಮುಚ್ಚಿದ. ಲೈಟ್ ಆರಿಸಿದ. ಎದುರಿಗೆ ಕೂತ. ನೋಡಿದ.

"ಅಮ್ಮ ಇಲ್ವಾಪ್ಪ?" ಅಂದ ಫಯಾಜಣ್ಣ. ಕಾಳಿಂಗ ಪಿಟಕ್ಕನ್ನಲಿಲ್ಲ. "ಲೈಟ್ ಹಾಕಪ್ಪ!" ಪಿಟಕ್ಕನ್ನಲಿಲ್ಲ. "ಕುಡಿಯೋಕೆ ನೀರಾದ್ರೂ ಕೊಡ್ತೀಯಾ?" ಕತ್ತಲಲ್ಲಿ ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಫಯಾಜಣ್ಣ ಬೆವೆತುಹೋದ. "ಅಕ್ಕಾ! ಅಕ್ಕಾ! ಕಾಪಾಡಿ!" ಅಂತ ಕೂಗಿಕೊಂಡ.

ಹೊಂಬಾಳಮ್ಮ ಸೌಟು ಹಿಡಿದೇ ಓಡಿಬಂದಳು.

"ಅಯ್ಯೋ ನನ್ನ ಹಣೆಬರವೇ! ಮನೆಗೆ ಬಂದೋರನ್ನ ಗೂಬೆ ಥರ ನೋಡ್ಕೊಂಡು ಕೂರ್ತಾರೇನ್ಲಾ? ಉಪಚಾರ ಮಾಡ್ಬೇಕು! ಬ್ಯಾಡ ಅಂದ್ರೂ ಬಿಡಬಾರ್ದು! ಸುಮ್ಕಿದ್ರೆ ನಾಚ್ಕೋತಾವ್ರೆ ಅಂತ ತಿಳ್ಕೊಂಡು, ಬಾಯಿಗಿಟ್ಟಾದ್ರೂ ತಿನ್ನಿಸ್ಬೇಕು!"

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಫಯಾಜಣ್ಣ ನೀರು ಕುಡಿದು ಸುಧಾರಿಸಿಕೊಂಡು ಡಿಸ್ಕ್ ಹಾಕಿದ. ಸಿನಿಮಾ ಶುರುವಾಯಿತು. ಕೆರೆ ಬಂತು, ಏರಿ ಬಂತು, ನಾಯಕಿ ಬಂದಳು, ಹಿಂದೆ ಕೊಡ ಹಿಡಿದ ಹೆಂಗಸರು ಬಂದರು. ಕ್ಯಾಮೆರಾ ನೋಡಬೇಡಿ ಅಂತ ಅವರಿಗೆಲ್ಲ ಹೇಳಿದ್ದರಂತೆ. ಒಬ್ಬಳು ಮಾತ್ರ ತಿರುಗಿ ನೆಟ್ಟಗೆ ನೋಡಿದಳು.

"ನಿಲ್ಸಿ!" ಅಂತ ಚೀರಿದಳು ಹೊಂಬಾಳಮ್ಮ.

ಫಯಾಜಣ್ಣ ಗುಂಡಿ ಒತ್ತಿದ. ಗೋಡೆಯ ತುಂಬ ದ್ಯಾವಮ್ಮ. ಮೂಗುಬೊಟ್ಟು, ಗಲ್ಲದ ಮೇಲಿನ ಸಿಡುಬಿನ ಕಲೆ, ಹಣೆಗಂಟಿದ ಕೂದಲು. ಯಾರನ್ನೋ ಕರೆಯುತ್ತಿರುವ ಹಾಗೆ ಬಾಯಿ ತುಸು ತೆರೆದಿತ್ತು. ಆ ಸಿಡುಬಿನ ಕಲೆಯನ್ನು ಹೊಂಬಾಳಮ್ಮ ಮರೆತೇಬಿಟ್ಟಿದ್ದಳು. ಈಗ ಎಲ್ಲ ನೆನಪಾಯಿತು. ಅವ್ವನ ತೋಳಿನ ವಾಸನೆಯೂ ನೆನಪಾಯಿತು.

ಟೀವಿಯ ಮುಂದೆ ಹೊಸ ಸೀರೆ ಇಟ್ಟು, ಬಾಳೆಲೆ ಹಾಸಿ, ವಡೆ, ಕಡುಬು, ಪಾಯಸ ಎಲ್ಲ ಬಡಿಸಿದಳು. ಎಡೆ ಇಟ್ಟ ಮೇಲೆ ಮನೆಯವರು ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು; ಹಿರಿಯರು ಬಂದು ಉಂಡು ಹೋಗಲಿ ಅಂತ. ಆದರೆ ಆ ಪೆಟ್ಟಿಗೆಯದ್ದೊಂದು ತರಲೆ. ನಿಲ್ಲಿಸಿದ ಚಿತ್ರ ಐದು ನಿಮಿಷಕ್ಕೆ ತಾನೇ ಆರಿಹೋಗುತ್ತದೆ, ಆಗಾಗ ರಿಮೋಟಿನ ಗುಂಡಿ ಒತ್ತಲು ಒಬ್ಬರು ಒಳಗಿರಬೇಕು.

"ನೀನೇ ಇರ್ಲಾ," ಅಂದಳು ಹೊಂಬಾಳಮ್ಮ. "ನಿನ್ನ ಕಂಡ್ರೆ ನಮ್ಮವ್ವ ಏನೂ ಅಂದ್ಕೊಳಲ್ಲ."

ಬಾಗಿಲು ಮುಚ್ಚಿತು. ಒಳಗೆ ಕಾಳಿಂಗ, ಅಜ್ಜಿ, ಇಬ್ಬರೇ. ಕಾಳಿಂಗ ಕಾದ. ಅಜ್ಜಿ ತಿನ್ನಲಿಲ್ಲ. ಗುಂಡಿ ಒತ್ತಿದ. ಮತ್ತೆ ಕಾದ. ಅಜ್ಜಿ ಸುಮ್ಮನೇ ನೋಡುತ್ತಿದ್ದಾಳೆ. ನಲವತ್ತು ವರ್ಷದ ಮೇಲೆ ಮನೆಗೆ ಬಂದವಳು, ಪಾಪ, ನಾಚಿಕೊಳ್ಳುತ್ತಿದ್ದಾಳೆ!

"ಉಣ್ಣಜ್ಜಿ!" ಅಂದ. ಸುಮ್ಮನಿದ್ದಳು. "ಒಂದೇ ಒಂದು ಸೌಟಜ್ಜಿ!" ಸುಮ್ಮನಿದ್ದಳು. ಬಾಯಿ ಹೇಗೂ ತೆರೆದಿತ್ತು.

ಹೊರಗೆ ಹೊಂಬಾಳಮ್ಮ, ಹಿರಿಯರಿಗೆ ತಿಳಿಯಲೆಂದು ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆಗೆದಳು. ಪರದೆಯ ಮೇಲೆ ದ್ಯಾವಮ್ಮನ ಬಾಯಿಂದ ಗಲ್ಲಕ್ಕೆ, ಗಲ್ಲದಿಂದ ಕೊಡಕ್ಕೆ ಪಾಯಸ ಇಳಿಯುತ್ತಿತ್ತು. ತುಟಿಗೊಂದು ದ್ರಾಕ್ಷಿ ಅಂಟಿತ್ತು.

"ಅವ್ವಾ! ಅಜ್ಜಿ ಎಷ್ಟು ನಾಚ್ಕೊಂಡ್ರೂ ಬಿಡ್ಲಿಲ್ಲ ಕಣವ್ವ! ಮೂರು ಸೌಟು ತಿನ್ನಿಸ್ದೆ!"

ಹೊಂಬಾಳಮ್ಮ ಕೈ ಎತ್ತಿದಳು. ಫಯಾಜಣ್ಣ ಕಣ್ಣು ಮುಚ್ಚಿಕೊಂಡ. ಆದರೆ ಏಟು ಬೀಳಲಿಲ್ಲ. ಎತ್ತಿದ ಕೈ ಸೆರಗು ಹಿಡಿಯಿತು. ಹೊಂಬಾಳಮ್ಮ ಟೀವಿಯ ಹತ್ತಿರ ಹೋಗಿ ಅವ್ವನ ಬಾಯಿ ಒರೆಸಿದಳು. ಗಲ್ಲ ಒರೆಸಿದಳು. ಆ ಸಿಡುಬಿನ ಕಲೆಯ ಮೇಲೆ ಬೆರಳು ಇಟ್ಟು ಬಹಳ ಹೊತ್ತು ನಿಂತಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಫೋಟೋ ಇದ್ದವರು ಬರೀ ಹೂವು ಮುಡಿಸುತ್ತಾರೆ. ಹೆತ್ತವ್ವನ ಬಾಯಿ ಒರೆಸುವ ಭಾಗ್ಯ ಆವತ್ತು ಊರಲ್ಲಿ ಅವಳೊಬ್ಬಳಿಗೇ ಸಿಕ್ಕಿತು.

ಕಾಳಿಂಗ ಕಾದ. ಬೈಗುಳ ಬರಲಿಲ್ಲ. ಅವನಿಗೆ ದಿಕ್ಕೇ ತೋಚಲಿಲ್ಲ.

"ಅವ್ವಾ, ಮುಂದಿನ ಸಲ ಏನ್ ಮಾಡ್ಲಿ?"

"ಮುಂದಿನ ಸಲಾನೂ ಹಿಂಗೇ ಮಾಡ್ಲಾ ನನ್ನಪ್ಪ," ಅಂದಳು ಹೊಂಬಾಳಮ್ಮ.

"ಆಗ್ಲಿ ಕಣವ್ವ! ಹೇಳ್ದಂಗೇ ಮಾಡ್ತೀನಿ!"

ಮೂರು ದಿನ ಕಣ್ತುಂಬ ನೋಡಿದ ಮೇಲೆ ಡಿಸ್ಕ್ ವಾಪಸ್ ಕೊಡಬೇಕಾಯಿತು. ಕಾಳಿಂಗ ಹೊರಟ. ಒಂದು ಕೈಯಲ್ಲಿ ಡಿಸ್ಕು, ಇನ್ನೊಂದು ಕೈಯಲ್ಲಿ ಪಾಯಸದ ತಂಬಿಗೆ, ಕಂಕುಳಲ್ಲಿ ಸೌಟು. ಬಸ್ಸು ಹತ್ತಿದ, ಬಸ್ಸು ಇಳಿದ, ಅಂಗಡಿ ಮುಟ್ಟಿದ. ಫಯಾಜಣ್ಣ ಊಟಕ್ಕೆ ಹೋಗಿದ್ದ. ಅಂಗಡಿಯ ಮುಂದೆ ಎರಡು ಟೀವಿ, ಎರಡರಲ್ಲೂ ಅದೇ ಮೀಸೆಯವನು ಬಾಯಿ ತೆರೆದು ನಗುತ್ತಿದ್ದ.

ಹೈ ಡೆಫಿನಿಷನ್ ಟೀವಿಯವನಿಗೆ ಕಾಳಿಂಗ ಮೂರು ಸೌಟನ್ನೂ ಸರಿಯಾಗಿ ಬಾಯಿಗೇ ಹಾಕಿದ. ಸಾದಾ ಟೀವಿಯವನಿಗೆ ಬಾಯಿ ಎಲ್ಲಿದೆ ಅಂತ ಎಷ್ಟು ನೋಡಿದರೂ ತಿಳಿಯಲಿಲ್ಲ. ಅದಕ್ಕೆ ಅವನ ನೆತ್ತಿಯ ಮೇಲೆ ಇಡೀ ತಂಬಿಗೆಯನ್ನೇ ಬಗ್ಗಿಸಿದ.