ಬೆನ್ನಿನ ಭಾರ ತಪ್ಪಿಸಿದ ಗಾಡಿ

೧೯೬೮ರ ಫೆಬ್ರವರಿ ಹನ್ನೊಂದರ ನನ್ನ ದಿನಚರಿಯಲ್ಲಿ ಹೀಗಿದೆ: ಮಡಿವಾಳರ ಚಿಕ್ಕಹನುಮಯ್ಯ ತನ್ನ ಕತ್ತೆಗೆ ಟೈರಿನ ಗಾಡಿ ಕಟ್ಟಿದ.

“ಕತ್ತೆಯಣ್ಣ, ಇನ್ನು ನಿನ್ನ ಬೆನ್ನ ಮೇಲೆ ಗಂಟಿಲ್ಲ,” ಎಂದಿತು ಗಾಡಿ.

ನಾಲ್ಕು ಸಲ ಕೆರೆಗೆ ಹೊರುತ್ತಿದ್ದ ಬಟ್ಟೆ ಒಂದೇ ಸಲಕ್ಕೆ ಹೋಯಿತು. ಉಳಿದ ಹೊತ್ತೆಲ್ಲ ಬೂದಿಯಲ್ಲಿ ಹೊರಳಬಹುದೆಂದು ಕತ್ತೆ ಹಿಗ್ಗಿತು. ವಾರದೊಳಗೆ ಚಿಕ್ಕಹನುಮಯ್ಯ ಇನ್ನೂ ಮೂರು ಬೀದಿಗಳ ಬಟ್ಟೆ ಒಪ್ಪಿಕೊಂಡ. ಗಾಡಿ ನಾಲ್ಕು ಸಲ ಓಡಿತು.

“ಭಾರ ತಪ್ಪಿತು ಅಂದಿದ್ದೆಯಲ್ಲ, ತಮ್ಮಾ?” ಕತ್ತೆ ಏದುತ್ತ ಕೇಳಿತು.

“ಬೆನ್ನಿಗೆ ತಪ್ಪಿತಲ್ಲ. ಕುತ್ತಿಗೆಯ ಮಾತು ನಾನೆಲ್ಲಿ ಆಡಿದ್ದೆ?”

“ಹೋಗಲಿ, ಧಣಿಯಾದರೂ ಸುಖವಾಗಿದ್ದಾನೆಯೇ?”

“ನನ್ನ ಮೇಲೆ ಕೂತೇ ಮುದ್ದೆ ನುಂಗುತ್ತಾನೆ. ಇಳಿಯಲು ಪುರಸೊತ್ತೆಲ್ಲಿ?”

ನಮ್ಮ ಮನೆಯ ಬಟ್ಟೆ ಕೊಟ್ಟ ಮರುದಿನವೇ ಮಡಿಯಾಗಿ ಬರತೊಡಗಿತು. ಅದಕ್ಕಾಗಿ ಹೋದದ್ದು ಕತ್ತೆಯ ಹೊರಳಾಟ, ಮತ್ತೆ ಚಿಕ್ಕಹನುಮಯ್ಯ ಕೆರೆಯ ಏರಿಯ ಮೇಲೆ ಮಾಡುತ್ತಿದ್ದ ಮಧ್ಯಾಹ್ನದ ನಿದ್ದೆ.