ಮೊಟ್ಟೆ ಇಡಲು ಒಂದು ಜಾಗ

ಶಾಸಕರ ಬಡಾವಣೆಯಿಂದ ಆತಂಕಕಾರಿ ಸುದ್ದಿಯೊಂದು ಬಂತು. ಮೊಟ್ಟೆ ಇಡುವ ಹೊತ್ತು ಹತ್ತಿರವಾದರೂ ಅಲ್ಲಿನ ಒಂದು ಪಾರಿವಾಳಕ್ಕೆ ಗೂಡು ಕಟ್ಟಲು ಜಾಗ ಸಿಕ್ಕಿರಲಿಲ್ಲ. ಕೊನೆಗೆ ಅದು ಶಾಸಕ ಸಾಂಬಯ್ಯನವರ ಮನೆಯನ್ನು ಆರಿಸಿಕೊಂಡು, ಗೋಡೆಯ ಹೊರಗಿದ್ದ ಎಸಿ ಪೆಟ್ಟಿಗೆಯ ಮೇಲೆ ಮೊದಲ ಕಡ್ಡಿ ಇಟ್ಟಿತು.

"ಇಲ್ಲಿ ಬೇಡ ತಾಯಿ," ಎಂದಿತು ಪೆಟ್ಟಿಗೆ. "ನಾನು ಓಡತೊಡಗಿದರೆ ಗಡಗಡ ನಡುಗುತ್ತೇನೆ. ಮೊಟ್ಟೆ ಉರುಳಿ ಬಿದ್ದೀತು."

"ನೀನ್ಯಾಕೆ ಓಡುತ್ತೀಯೆ? ಹಕ್ಕಿಗಳಿಗಾಗಿ ಎಸಿ ಬಳಸುವುದನ್ನು ಬಿಡಿ ಎಂದು ನಿನ್ನ ಯಜಮಾನರು ಭಾಷಣ ಮಾಡಿದ್ದನ್ನು ನಾನೇ ಕೇಳಿದ್ದೇನೆ."

"ಆ ಭಾಷಣ ಬರೆದ ದಿನ ನನಗೆ ಒಂದು ಗಳಿಗೆಯೂ ಬಿಡುವಿರಲಿಲ್ಲ. ಪಕ್ಕದ ಶಾಸಕ ದೊಡ್ಡೀರಪ್ಪನವರ ಮನೆಗೆ ಹೋಗು. ಅಲ್ಲಿರುವ ನನ್ನ ತಮ್ಮ ಬಂದಾಗಿನಿಂದ ಕೆಲಸವನ್ನೇ ಮಾಡಿಲ್ಲ."

"ಭೂಮಿ ಬಿಸಿಯಾಗುತ್ತಿದೆ ಎನ್ನುವುದೇ ಸುಳ್ಳು ಎನ್ನುತ್ತಾರಲ್ಲ, ಆ ದೊಡ್ಡೀರಪ್ಪನವರೇ?"

"ಅವರೇ. ಬಿಸಿಯೇ ಇಲ್ಲ ಎಂದಮೇಲೆ ಎಸಿ ಯಾಕೆ? ಕಿಟಕಿ ತೆಗೆದು ಮಲಗುತ್ತಾರೆ."

ಪಾರಿವಾಳ ಅನುಮಾನಿಸಿತು. ಅಷ್ಟರಲ್ಲಿ ಒಳಗೆ ಯಾರೋ ರಿಮೋಟ್ ಒತ್ತಿದರು. ಪೆಟ್ಟಿಗೆ ನಡುಗಿತು, ಕಡ್ಡಿ ಕೆಳಗೆ ಬಿತ್ತು.

"ನಿನ್ನ ಉಪಕಾರ ಮರೆಯಲಾರೆ, ಅಣ್ಣಾ," ಎಂದು ಪಾರಿವಾಳ ಪಕ್ಕದ ಮನೆಗೆ ಹಾರಿತು.

ಅಲ್ಲಿ, ಓಡದ ಪೆಟ್ಟಿಗೆಯ ಮೇಲೆ, ಎರಡು ಮರಿಗಳಾದವು. ಅವು ಕಣ್ಣು ಬಿಟ್ಟ ಕೂಡಲೇ ತಾಯಿ ಅವಕ್ಕೆ ಕಿಟಕಿಯ ಕಡೆ ತಲೆಬಾಗುವುದನ್ನು ಕಲಿಸಿತು. "ನಾವು ಬದುಕಿರುವುದು ಈ ಪುಣ್ಯಾತ್ಮರಿಂದ."

ಪುಣ್ಯಾತ್ಮರು ಒಳಗಿನಿಂದ "ಹುಶ್" ಎಂದರು.

ಅದೇ ವಾರ ಸದನದಲ್ಲಿ ಹಕ್ಕಿಗಳ ರಕ್ಷಣೆಯ ಮಸೂದೆ ಮತಕ್ಕೆ ಬಂತು. ಸಾಂಬಯ್ಯನವರು ಪರವಾಗಿ, ದೊಡ್ಡೀರಪ್ಪನವರು ವಿರುದ್ಧವಾಗಿ ಮತ ಹಾಕಿದರು. ಮಸೂದೆ ಬಿದ್ದುಹೋಯಿತು. ಮರಿಗಳು ಹಾರಲು ಕಲಿತವು.